ಕೆಂಪು ಕಾಣಬಾರದು

ಜೂನ್ 4, ಬುಧವಾರ

ಮತ್ತೆ ತರಬೇತಿ. ಸೊಂಟ ಬಿದ್ದುಹೋಗುವವರೆಗೆ ಕೂತದ್ದೇ ಬಂತು. ಟೈ ಸಾಹೇಬ ಇವತ್ತೂ ಅದೇ ಟೈ ಕಟ್ಟಿದ್ದ. ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ತಪ್ಪೆಲ್ಲ ಅಲ್ಲೇ ತಿದ್ದಿ, ಆಮೇಲೆ ನೆಲದ ಮೇಲೆ ಕಟ್ಟುವುದು ಹೇಗೆ ಅಂತ ನಮ್ಮ ಕಂಪನಿಗೆ ಹೇಳಿಕೊಡಲು ಬಂದ ಸಲಹೆಗಾರ ಇವನು. ತಾನು ಒಂದು ಕೋಳಿಗೂಡನ್ನೂ ಕಟ್ಟಿದವನಲ್ಲ.

"ಇನ್ಮೇಲೆ ಆಫೀಸಲ್ಲಿ ಕಾಗದ ಅನ್ನೋದೇ ಇರಲ್ಲ" ಎಂದ. ಎಲ್ಲರೂ ತಲೆಯಾಡಿಸಿದರು. ಕೂಡಲೇ ಹಾಜರಿ ಹಾಳೆ ಕೈಯಿಂದ ಕೈಗೆ ಬಂತು. ಮೂರು ಪ್ರತಿ, ಮೂರಕ್ಕೂ ಸಹಿ. ನಕ್ಕವಳು ನಾನೊಬ್ಬಳೇ.

ದೊಡ್ಡವರು — ನಮ್ಮ ಮಾಲೀಕರು — ಮುಂದಿನ ಸಾಲಿನಲ್ಲೇ ಗೊರಕೆ ಹೊಡೆದರು. ಮಾಡೆಲ್, ಅಂದರೆ ಕಂಪ್ಯೂಟರಿನೊಳಗಿನ ಆ ಕಟ್ಟಡ, ಏನು ಅಂತ ಅವರಿಗೆ ಗೊತ್ತಿಲ್ಲ, ಗೊತ್ತಾಗುವ ಆಸೆಯೂ ಇಲ್ಲ. ದೊಡ್ಡ ಕಟ್ಟಡದ ಗುತ್ತಿಗೆ ಬೇಕಾದರೆ ಮಾಡೆಲ್ ಕೊಡಬೇಕು ಎಂದು ಸರ್ಕಾರ ನಿಯಮ ಮಾಡಿದೆ. ಅದಕ್ಕೆ ಮಾಡೆಲ್. ನಾಳೆ ಕಟ್ಟಡಕ್ಕೆ ಜಾತಕ ಬೇಕು ಅಂದರೆ ಜಾತಕವನ್ನೂ ಬರೆಸಿ ಕೊಡುತ್ತಾರೆ. ಸರ್ಕಾರಿ ಆಸ್ಪತ್ರೆ ಕಟ್ಟುವ ಗುತ್ತಿಗೆ ಸಿಕ್ಕಿಯೂ ಆಯಿತು.

ಇಡೀ ಕಂಪನಿಯಲ್ಲಿ ಈ ಕೆಲಸ ನಿಜವಾಗಿ ಬರುವವಳು ನಾನೊಬ್ಬಳೇ. ಇಲ್ಲಿ ಹೇಳಿಕೊಳ್ಳದೆ ಇನ್ನೆಲ್ಲಿ ಹೇಳಿಕೊಳ್ಳಲಿ.

ಜೂನ್ 9, ಸೋಮವಾರ

ದೊಡ್ಡವರ ಕೋಣೆಗೆ ಗೋಡೆಯಗಲದ ಟಿವಿ ಬಂದಿದೆ. ಮಾಡೆಲ್ ನೋಡಲಿಕ್ಕಂತೆ. ಮಧ್ಯಾಹ್ನ ಇಣುಕಿದೆ. ಮ್ಯಾಚ್ ನಡೆಯುತ್ತಿತ್ತು.

ಸೈಟಿನಿಂದ ಫೋನ್ — ನೆಲಮಾಳಿಗೆಯಲ್ಲಿ ಒಂದು ಕಂಬವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದಾರಂತೆ. ಲಾರಿ ತಿರುಗಿಸಲು ಆಗುತ್ತಿರಲಿಲ್ಲವಂತೆ. ಕೇಳಿ ದೊಡ್ಡವರು ನನಗೆ ಹೇಳಿದ್ದು: "ಮಾಡೆಲಲ್ಲೂ ಸರಿಸಿಬಿಡಮ್ಮಾ. ಮೌಸಲ್ಲಿ ಎಳೆದ್ರೆ ಆಯ್ತಲ್ಲ, ಕಾಂಕ್ರೀಟಾ ಅದು?"

ಇದು ನಮ್ಮ ಪದ್ಧತಿ. ಮೊದಲು ಸೈಟಿನಲ್ಲಿ ಕಟ್ಟುವುದು, ಆಮೇಲೆ ಮಾಡೆಲನ್ನು ಅದಕ್ಕೆ ಹೊಂದಿಸುವುದು. ಮಗು ಹುಟ್ಟಿದ ಮೇಲೆ ಬಸುರಿ ಫೋಟೋ ತೆಗೆಸಿದ ಹಾಗೆ. ಟೈ ಸಾಹೇಬನಿಗೆ ಹೇಳಿದೆ. "ಬದಲಾವಣೆ ಅನ್ನೋದು ಒಂದು ಪಯಣ, ಮೇಡಂ" ಎಂದ. ಪಯಣವಂತೆ. ಹೊರಟು ಹೋಗಬಾರದೇ!

ಎಳೆದೆ. ಕಂಬ ಸರಿಯಿತು.

ಜೂನ್ 22, ಭಾನುವಾರ

ಊಟ ಕೆಳಗೆ, ಅಕ್ಕನ ಮನೆಯಲ್ಲಿ. ಮಹಡಿಯ ಮೇಲಿನ ಕೋಣೆ ನನಗೆ ಕೊಟ್ಟಾಗಿನಿಂದ ಭಾನುವಾರದ ಊಟ ಕೆಳಗೇ ಅಂತ ಅಕ್ಕನ ಕಟ್ಟಪ್ಪಣೆ. ಭಾವನೂ ನಮ್ಮದೇ ಕಂಪನಿ — ಆಸ್ಪತ್ರೆ ಸೈಟಿನ ಇನ್‌ಚಾರ್ಜ್. ನನ್ನನ್ನು ಕಂಪನಿಗೆ ಸೇರಿಸಿದವರೂ ಅವರೇ. ಅದನ್ನು ಅವರು ಎಂದೂ ಎತ್ತಿ ಆಡಿಲ್ಲ. ಆಡಿದ್ದರೆ ಜಗಳವಾಡಲು ಸುಲಭವಾಗುತ್ತಿತ್ತು.

"ಏನಮ್ಮಾ ತಾಯಿ, ನಿನ್ನ ಟಿವಿ ಕಟ್ಟಡ ಎಲ್ಲಿಗೆ ಬಂತು? ನಿನ್ನದು ಗಿರಗಿರ ತಿರುಗತ್ತೆ, ಪಲ್ಟಿನೂ ಹೊಡೆಯತ್ತೆ. ನನ್ನದು ಹಾಗೆ ತಿರುಗಿದ್ರೆ ಜೈಲಿಗೆ ಹಾಕ್ತಾರೆ."

"ನೀವು ಇನ್ನೂ ಕಿಟಕಿ ಗಾಜಿಗೆ ನಕ್ಷೆ ಅಂಟಿಸಿ ನೋಡ್ತೀರಲ್ಲ ಭಾವ, ಸ್ಕೂಲ್ ಮಕ್ಕಳು ಚಿತ್ರ ಕಾಪಿ ಹೊಡೆಯೋ ಹಾಗೆ. ಅದಕ್ಕಿಂತ ವಾಸಿ."

ಸುಳ್ಳಲ್ಲ. ಕಾಂಕ್ರೀಟ್ ಹಾಕಿಸುವ ಮುಂಚೆ ಬೀಮಿನ ನಕ್ಷೆಯನ್ನು ಗಾಜಿಗೆ ಅಂಟಿಸುತ್ತಾರೆ. ಅದರ ಮೇಲೆ ಎಸಿ ಡಕ್ಟಿನ ನಕ್ಷೆ. ಬಿಸಿಲಿನಲ್ಲಿ ಎರಡೂ ಒಟ್ಟಿಗೆ ಕಾಣುತ್ತವೆ. ಗಾಳಿ ಹೋಗುವ ಆ ತಗಡಿನ ಕೊಳವೆ ಎಲ್ಲಿ ಬೀಮನ್ನು ದಾಟುತ್ತದೋ ಅಲ್ಲಿ ಪೆನ್ಸಿಲಿನಿಂದ ಸೊನ್ನೆ ಸುತ್ತುತ್ತಾರೆ. ಬೀಮ್ ಡಿಸೈನ್ ಮಾಡಿದವರಿಗೆ ಫೋನ್ ಹಚ್ಚಿ, ಅವರು ಹೂಂ ಅಂದ ಕಡೆ ತೂತು ಬಿಟ್ಟು ಕಾಂಕ್ರೀಟ್ ಸುರಿಸುತ್ತಾರೆ. ಮೋಡವಿದ್ದ ದಿನ ಏನು ಮಾಡುತ್ತಾರೋ ದೇವರೇ ಬಲ್ಲ.

ಅಕ್ಕ ಬಡಿಸುತ್ತಾ, "ರೀ, ಅವಳ ಹತ್ರ ಸ್ವಲ್ಪ ಕಲೀರಿ. ಎಷ್ಟು ವರ್ಷ ಅಂತ ಹಾಡಿದ್ದೇ ಹಾಡೋದು" ಎಂದಳು.

"ಕಲಿಯೋ ವಯಸ್ಸೇನೆ ಇದು?"

ನನಗೆ ಎಲ್ಲಿತ್ತೋ ಸಿಟ್ಟು. ವಾರವಿಡೀ ಕತ್ತೆಗಳ ಜೊತೆ ಏಗಿದ್ದು ಭಾವನ ಮೇಲೆ ತಿರುಗಿತು. "ನಿಮ್ಮಂಥವರು ಇರೋವರೆಗೂ ಈ ದೇಶದಲ್ಲಿ ಒಂದು ಗೋಡೆ ನೆಟ್ಟಗೆ ನಿಲ್ಲಲ್ಲ ಭಾವ. ನಾವು ಮಾಡೋದನ್ನ ಒಂದು ಸಲನಾದ್ರೂ ತೆಗೆದು ನೋಡಿದೀರಾ?"

ಅವರ ಕೈ ತಟ್ಟೆಯ ಮೇಲೇ ನಿಂತಿತು. ಆಮೇಲೆ ನಕ್ಕರು. "ಆಯ್ತಮ್ಮಾ, ನೋಡೋಣ" ಎಂದರು. ಅಕ್ಕ ಮಜ್ಜಿಗೆ ತಂದಳು.

ನೋಡುವವರಂತೆ!

ಜುಲೈ 3, ಗುರುವಾರ

ನಾಳೆ ಇಲಾಖೆಯವರ ಮುಂದೆ ಪ್ರದರ್ಶನ. ಡಿಕ್ಕಿ ಪರೀಕ್ಷೆ ನಡೆಸಿದೆ — ಆಫೀಸಿನ ಮಾತಿನಲ್ಲಿ ಕ್ಲ್ಯಾಶ್ ರಿಪೋರ್ಟ್. ಒಂದೇ ಜಾಗದಲ್ಲಿ ಎರಡು ವಸ್ತು ಕೂತಿದ್ದರೆ ಮಾಡೆಲ್ ಅಲ್ಲಿ ಕೆಂಪಾಗುತ್ತದೆ. ಆಪರೇಷನ್ ಥಿಯೇಟರ್ ಮಹಡಿ ದಡಾರ ಎದ್ದ ಮಗುವಿನ ಹಾಗೆ ಕಂಡಿತು. ಡಕ್ಟುಗಳೆಲ್ಲ ಬೀಮಿನ ಹೊಟ್ಟೆಯೊಳಗೇ ನುಗ್ಗಿವೆ. ಡಕ್ಟ್ ಡಿಸೈನ್ ಮಾಡಿದ ಮಹಾನುಭಾವರು ಬೀಮಿನ ನಕ್ಷೆಯನ್ನು ತೆರೆದೇ ನೋಡಿಲ್ಲ. ಫೋನ್ ಮಾಡಿದರೆ ಮೀಟಿಂಗಿನಲ್ಲಿದ್ದಾರೆ. ಯಾವಾಗ ಮಾಡಿದರೂ ಮೀಟಿಂಗಿನಲ್ಲಿದ್ದಾರೆ.

ದೊಡ್ಡವರು ಬಂದು ನೋಡಿದರು. ಮುಖ ಹುಳ್ಳಗಾಯಿತು.

"ಏನಮ್ಮಾ ಇದು, ರಕ್ತ ಚೆಲ್ಲಿದ ಹಾಗಿದೆ. ಆಸ್ಪತ್ರೆ ಸರಿ, ಆದ್ರೂ..."

ಬಿಡಿಸಿ ಹೇಳಿದೆ. ಕೆಂಪು ಕಂಡರೆ ಒಳ್ಳೆಯದು ಸರ್, ಈಗಲೇ ತಿದ್ದಬಹುದು, ಈ ಇಡೀ ನಾಟಕ ಇರುವುದೇ ಅದಕ್ಕೆ. ಪೂರ್ತಿ ಕೇಳಿಸಿಕೊಂಡರು.

"ಸರಿ ಸರಿ. ಆದ್ರೆ ನಾಳೆ ಕೆಂಪು ಕಾಣಬಾರದು."

ಟೈ ಸಾಹೇಬ ಗಲ್ಲ ಕೆರೆದುಕೊಂಡು, "ಬಣ್ಣ ಬದಲಾಯಿಸೋಕಾಗಲ್ವಾ ಮೇಡಂ? ಹಸಿರು?" ಎಂದ.

ಇವನಿಗೆ ಸಂಬಳ ಬೇರೆ.

ಹಸಿರು ಮಾಡಲಿಲ್ಲ. ಅದಕ್ಕಿಂತ ಸುಲಭದ್ದಿತ್ತು. ಡಕ್ಟುಗಳ ಫೈಲನ್ನೇ ಮಾಡೆಲಿನಿಂದ ಬಿಚ್ಚಿ ಪಕ್ಕಕ್ಕಿಟ್ಟೆ. ಮತ್ತೆ ಪರೀಕ್ಷೆ ನಡೆಸಿದೆ. ಡಿಕ್ಕಿ ಹೊಡೆಯಲು ಯಾರೂ ಇಲ್ಲದಿದ್ದರೆ ಡಿಕ್ಕಿ ಎಲ್ಲಿಂದ? ಸೊನ್ನೆ. ಕೆಳಗೆ ನನ್ನ ಹೆಸರು. ನನ್ನಷ್ಟಕ್ಕೆ ನಾನೇ ನಕ್ಕೆ. ಕೋತಿಗಳಿಗೆ ಮಾಣಿಕ್ಯ ಯಾಕೆ, ಗಾಜಿನ ಚೂರು ಸಾಕು.

ಯಾರು ನೋಡುತ್ತಾರೆ? ಮಾಡೆಲ್ ನೋಡಿ ಕಟ್ಟುವವನು ಇಲ್ಲಿ ಇನ್ನೂ ಹುಟ್ಟಿಲ್ಲ.

ಜುಲೈ 4, ಶುಕ್ರವಾರ

ಚಪ್ಪಾಳೆ! "ಝೀರೋ ಕ್ಲ್ಯಾಶ್" ಅಂತ ಟೈ ಸಾಹೇಬ ಕೈಯೆತ್ತಿ ಕೂಗಿದ, ತಾನೇ ಹೆತ್ತವನಂತೆ. ಕೇಕ್ ಕತ್ತರಿಸಿದರು. ದೊಡ್ಡವರು ಆ ರಿಪೋರ್ಟನ್ನು ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಹೊರಗಿನ ಹಾಲಿನಲ್ಲಿ ತೂಗುಹಾಕುತ್ತಾರಂತೆ.

ಇಲಾಖೆಯಿಂದ ಬಂದವರಲ್ಲಿ ಒಬ್ಬರು ಇಂಜಿನಿಯರಮ್ಮ. ದಪ್ಪ ಕನ್ನಡಕ, ಕೇಕ್ ಮುಟ್ಟಲಿಲ್ಲ. "ಇಷ್ಟು ದೊಡ್ಡ ಆಸ್ಪತ್ರೆ, ಒಂದೂ ಇಲ್ವಾ?" ಎಂದು ಕೇಳಿದರು. ನಾನು ಉತ್ತರ ಕೊಡುವ ಮುಂಚೆ ದೊಡ್ಡವರೇ, "ನಮ್ಮ ಹುಡುಗಿ ಬಹಳ ಚುರುಕು ಮೇಡಂ" ಎಂದುಬಿಟ್ಟರು. ಹುಡುಗಿ! ತಲೆಯಲ್ಲಿ ಬಿಳಿಕೂದಲು ಬಂದಿದೆ ನನಗೆ.

ಸೋಮವಾರ ಡಕ್ಟ್ ಫೈಲು ವಾಪಸ್ ಸೇರಿಸಬೇಕು.

ಆಗಸ್ಟ್ 12, ಮಂಗಳವಾರ

ಎಷ್ಟು ದಿನವಾಯಿತು ಇದನ್ನು ತೆರೆದು. ಆ ಸೋಮವಾರವೇ ನನ್ನನ್ನು ಬಸ್ ನಿಲ್ದಾಣದ ಟೆಂಡರಿಗೆ ಎತ್ತಿಹಾಕಿದರು. ಆಸ್ಪತ್ರೆಯ ಕಡೆ ತಲೆ ಹಾಕಲು ಪುರುಸೊತ್ತಿಲ್ಲ. ಬಸ್ ನಿಲ್ದಾಣದ ಮಾಡೆಲಿನಲ್ಲಿ ಮರ ಬೇಕಂತೆ, ಮರದ ಮೇಲೆ ಹಕ್ಕಿ ಬೇಕಂತೆ. ಹಕ್ಕಿ ಹಾಕಿದೆ. ಗುತ್ತಿಗೆ ಹಕ್ಕಿ ನೋಡಿಯೇ ಕೊಡುತ್ತಾರೆ, ಬರೆದಿಟ್ಟುಕೊ.

ಅಕ್ಕ ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ ಪಿಸುಗುಟ್ಟಿದಳು. ಭಾವ ದಿನಾ ಸಂಜೆ ಟ್ಯಾಬ್ಲೆಟ್ ಹಿಡಿದು ಕೂರುತ್ತಾರಂತೆ. ಮಾಡೆಲ್ ನೋಡಲು ಕಲಿಯುತ್ತಿದ್ದಾರಂತೆ. "ನಿನಗೆ ಹೇಳ್ಬೇಡ ಅಂದಿದಾರೆ ಕಣೆ. ನಗ್ತಾಳೆ ಅಂತ."

ನಕ್ಕೆ. ಇಣುಕಿ ನೋಡಿದಾಗ ಮತ್ತೂ ನಗು ಬಂತು. ಒಂದೇ ಬೆರಳು, ಅದನ್ನೂ ಬಿಸಿ ಪಾತ್ರೆ ಮುಟ್ಟುವವರಂತೆ ಮುಟ್ಟುತ್ತಾರೆ. ನಾಲಿಗೆ ಬೇರೆ ಹೊರಗೆ. ಆಡಿಕೊಳ್ಳಲಿ ಪಾಪ, ಇಸ್ಪೀಟಿಗಿಂತ ಒಳ್ಳೆಯದು.

ಅಕ್ಟೋಬರ್ 7, ಮಂಗಳವಾರ

ಬರೆಯಬಾರದು ಅಂತಿದ್ದೆ. ಆದರೂ ಬರೆಯುತ್ತೇನೆ.

ಬೆಳಗ್ಗೆ ಸೈಟಿನಿಂದ ಕರೆ. ಡಕ್ಟ್ ಕೂರಿಸುವವರು ಆಪರೇಷನ್ ಥಿಯೇಟರ್ ಮಹಡಿಗೆ ಸಾಮಾನು ಹತ್ತಿಸಿದ್ದಾರೆ, ಬೀಮಿನಲ್ಲಿ ತೂತೇ ಇಲ್ಲ, ಮಾಡೆಲ್ ಮೇಡಂ ಬರಬೇಕು.

ಹೋದೆ. ಹೊಸ ಕಾಂಕ್ರೀಟಿನ ತಣ್ಣನೆ ವಾಸನೆ. ತಗಡಿನ ಪೆಟ್ಟಿಗೆಗಳು ಗೋಡೆಗೆ ಒರಗಿದ್ದವು. ಎಲ್ಲರೂ ಕತ್ತೆತ್ತಿ ನೋಡುತ್ತಾ ನಿಂತಿದ್ದರು. ಬೀಮುಗಳು ಆ ಕಡೆಯಿಂದ ಈ ಕಡೆಗೆ ಗಟ್ಟಿಯಾಗಿ, ಒಂದು ಇಲಿ ತೂರಲೂ ಸಂದಿಲ್ಲದೆ. ಕೆಳಗಿನ ಮಹಡಿಗಳಲ್ಲಿ ತೂತುಗಳಿವೆ, ಒಂದೊಂದೂ ಬೇಕಾದಲ್ಲೇ. ಇಲ್ಲಿ ಮಾತ್ರ ಇಲ್ಲ. ಬೀಮಿನ ಅಡಿಯಿಂದ ಡಕ್ಟ್ ತಂದರೆ ಸೂರು ಎಷ್ಟು ತಗ್ಗುತ್ತದೆ ಎಂದರೆ ಥಿಯೇಟರಿನ ದೀಪ ವೈದ್ಯರ ಹಣೆಗೆ ಬಡಿಯುತ್ತದೆ.

ಭಾವ ಟ್ಯಾಬ್ಲೆಟ್ ಹಿಡಿದು ಬಂದರು.

"ನೋಡಮ್ಮಾ, ಇಲ್ಲೇನೂ ತೋರಿಸ್ತಿಲ್ವಲ್ಲ. ಖಾಲಿ ಇದೆ. ನಾನೇ ಸರಿಯಾಗಿ ತೆರೆದಿಲ್ವೋ ಏನೋ. ಇದನ್ನ ಒತ್ತಬೇಕಿತ್ತಾ?"

ಸರಿಯಾಗೇ ತೆರೆದಿದ್ದರು. ಒತ್ತಬೇಕಾದ್ದನ್ನೆಲ್ಲ ಒತ್ತಿದ್ದರು.

"ಕಿಟಕೀಲಿ ನೋಡ್ಲಿಲ್ವಾ ಭಾವ?" ಎಂದೆ.

"ಯಾಕೆ ನೋಡ್ಲಿ? ಸೊನ್ನೆ ಅಂತ ರಿಪೋರ್ಟ್ ಇತ್ತಲ್ಲ. ಬೇರೆ ಯಾರಾದ್ರೂ ಮಾಡಿದ್ರೆ ಒಂದು ಸಲ ಗಾಜಿಗೆ ಹಾಕಿ ನೋಡ್ತಿದ್ದೆ. ಕೆಳಗೆ ನಿನ್ನ ಹೆಸರಿತ್ತು."

"ಆಫೀಸಿಗೆ ಹೋಗಿ ನೋಡ್ತೀನಿ" ಎಂದೆ. ಮೆಟ್ಟಿಲಿಳಿದು ಬಂದೆ. ಥೂ ನನ್ನ ಜನ್ಮಕ್ಕೆ.

ಅಕ್ಟೋಬರ್ 8, ಬುಧವಾರ

ದೊಡ್ಡವರು ಬಾಗಿಲು ಹಾಕಿ ಕೂರಿಸಿದರು. ಟೈ ಸಾಹೇಬನೂ ಇದ್ದ.

ಬೀಮ್ ಡಿಸೈನ್ ಮಾಡಿದವರ ಮಾತನ್ನು ಸ್ಪೀಕರಿನಲ್ಲೇ ಕೇಳಿಸಿದರು. "ಆ ಬೀಮುಗಳನ್ನ ಮುಟ್ಟಬೇಡಿ ಸರ್. ಮೇಲೆ ನೀರಿನ ಟ್ಯಾಂಕಿದೆ. ಮುಂಚೆನೇ ತೂತು ಕೇಳಿದ್ರೆ ಸುತ್ತಲೂ ಕಬ್ಬಿಣ ಜಾಸ್ತಿ ಕೊಡ್ತಿದ್ದೆ. ಈಗ ಕೊಯ್ದ್ರೆ ಒಳಗಿನ ಕಬ್ಬಿಣನೇ ಹೋಗತ್ತೆ. ಡಕ್ಟನ್ನೇ ಚಿಕ್ಕದು ಮಾಡಿ ಕಾರಿಡಾರಿಂದ ಸುತ್ತಿ ತನ್ನಿ. ತಡ ಆಗತ್ತೆ, ಆಗ್ಲಿ." ದೊಡ್ಡವರು "ಆಯ್ತು ಆಯ್ತು" ಎಂದು ಫೋನಿಟ್ಟರು.

ಇಟ್ಟವರೇ, "ಕೊಯ್ಸಿ" ಎಂದರು. "ಸ್ವಲ್ಪ ಕೊಯ್ದ್ರೆ ಏನೂ ಬೀಳಲ್ಲ. ಮೇಲೆ ಪ್ಲಾಸ್ಟರ್ ಆದ್ಮೇಲೆ ಬ್ರಹ್ಮನಿಗೂ ಗೊತ್ತಾಗಲ್ಲ."

ಭಾವನಿಗೆ ನಿನ್ನೆಯೇ ಹೇಳಿದ್ದರಂತೆ. ಭಾವ ಆಗಲ್ಲ ಅಂದರಂತೆ. ಕೊಯ್ಯುವ ಮಿಷನ್ನಿನ ವೈರು ತಾವೇ ಕಿತ್ತು ಸುತ್ತಿಟ್ಟರಂತೆ. ಅದಕ್ಕೆ ಸೋಮವಾರದವರೆಗೆ ಸೈಟಿಗೆ ಬರಬೇಡ ಎಂದಿದ್ದಾರೆ. ಸೋಮವಾರ ಇಲಾಖೆಯ ಇಂಜಿನಿಯರಮ್ಮ ಬರುತ್ತಾರೆ. ಅವರ ಮುಂದೆ ತಪ್ಪು ಯಾರದು ಅಂತ ತೀರ್ಮಾನ. ಅವರು ಆ ಕಡೆ ಹೋದ ಮೇಲೆ ಈ ಕಡೆ ಗರಗಸ.

"ನೀನು ಒಂದು ಚಿಕ್ಕ ಕೆಲಸ ಮಾಡಮ್ಮಾ. ಡಕ್ಟು, ತೂತು ಎರಡನ್ನೂ ಮಾಡೆಲಿಗೆ ಹಾಕು, ಜುಲೈ ತಾರೀಕಲ್ಲಿ. ಮೊದಲಿಂದಾನೂ ಇತ್ತು, ಸೈಟ್‌ನವರು ನೋಡ್ಲಿಲ್ಲ ಅಂತ ಆಗಲಿ."

"ಇನ್‌ಚಾರ್ಜ್ ನನ್ನ ಭಾವ ಸರ್."

"ಗೊತ್ತಮ್ಮಾ. ಅದಕ್ಕೇ ಪೊಲೀಸ್‌ಗೆ ಹೋಗಲ್ಲ ಅಂತಿರೋದು. ಕೆಲಸ ಒಂದು ಬಿಡ್ಲಿ, ಸಾಕು."

ಟೈ ಸಾಹೇಬ ಟೈ ಸರಿಮಾಡಿಕೊಂಡು, "ಮಾಡೆಲ್ ಎಂದೂ ತಪ್ಪು ಮಾಡಲ್ಲ. ತಪ್ಪು ಮಾಡೋದು ಮನುಷ್ಯ" ಎಂದ. ಇಷ್ಟು ದಿನದಲ್ಲಿ ಅವನು ಆಡಿದ ಒಂದೇ ಒಂದು ಸರಿಯಾದ ಮಾತು. ಯಾವ ಮನುಷ್ಯ ಅಂತ ಅವನಿಗೂ ಗೊತ್ತು. ನನ್ನ ಮುಖ ನೋಡಲಿಲ್ಲ.

"ಮಾಡ್ತೀನಿ" ಅನ್ನಲಿಲ್ಲ. "ಮಾಡಲ್ಲ" ಅಂತಲೂ ಅನ್ನಲಿಲ್ಲ. ಇಷ್ಟುದ್ದದ ನಾಲಿಗೆ ಇಟ್ಟುಕೊಂಡವಳು ಕುರಿಯ ಹಾಗೆ ಎದ್ದು ಬಂದೆ.

ಅಕ್ಟೋಬರ್ 10, ಶುಕ್ರವಾರ

ಆಫೀಸಿಗೆ ಹೋಗಲಿಲ್ಲ. ಜ್ವರ ಅಂದೆ.

ಅಕ್ಕ ಮೇಲೆ ಬಂದಳು, ಗಂಜಿ ಹಿಡಿದು. ಅತ್ತು ಅತ್ತು ಕಣ್ಣು ಊದಿತ್ತು. ಬಂದವಳು ಮಂಚದ ತುದಿಯಲ್ಲಿ ಕೂತು ಗಂಡನನ್ನು ಬೈದಳು. "ಬಾಯಿ ಬಡ್ಕೊಂಡೆ ಕಣೆ, ಸರಿಯಾಗಿ ಕಲೀರಿ, ಅರ್ಧಂಬರ್ಧ ಕಲಿತು ಕೈ ಹಾಕ್ಬೇಡಿ ಅಂತ. ಏನೋ ನೋಡೋ ಕಡೆ ಇನ್ನೇನೋ ನೋಡಿದಾರೆ. ಈ ವಯಸ್ಸಲ್ಲಿ ಯಾರು ಕೆಲಸ ಕೊಡ್ತಾರೆ? ಸೈಟ್ ಇಲ್ದೆ ಆ ಮನುಷ್ಯ ಬದುಕ್ತಾರಾ? ಬೆಳಗ್ಗೆಯಿಂದ ಹಿತ್ತಲ ಗೋಡೆ ನೋಡ್ತಾ ನಿಂತಿದಾರೆ. ನಿನ್ನ ಹತ್ರ ಒಂದು ಮಾತು ಕೇಳಿದ್ರೆ ಹೀಗಾಗ್ತಿತ್ತಾ?"

ಗಂಜಿ ಕುಡಿದೆ. ಉಪ್ಪು ಸರಿಯಾಗಿತ್ತು. ಎಂಥ ಹೆಂಗಸು ನಾನು, ಉಪ್ಪು ಸರಿಯಾಗಿದೆ ಅಂತಲೂ ಗೊತ್ತಾಯಿತು.

ಆ ಕೋತಿಗಳಾದರೂ ಕೋತಿಗಳು. ಮಾಡೆಲ್ ಎಂದರೇನು ಅಂತ ತಿಳಿಯದೆ ಅದನ್ನು ಕೆಡಿಸಿದರು. ನಾನು ತಿಳಿದೇ ಕೆಡಿಸಿದೆ. ಯಾರೂ ನಂಬುವುದಿಲ್ಲ ಎಂದು ನಂಬಿ ಕೂತಿದ್ದೆ. ನಂಬಿ ನಂಬಿ ಅಂತ ಊಟದ ತಟ್ಟೆ ಮುಂದೆ ಬೈದವಳೂ ನಾನೇ.

ಅಕ್ಟೋಬರ್ 12, ಭಾನುವಾರ

ಹೇಳಿದೆ.

ಭಾವ ಹಿತ್ತಲಲ್ಲಿ ಸೋರುವ ನಲ್ಲಿ ಬಿಚ್ಚುತ್ತಿದ್ದರು. ನಿಂತುಕೊಂಡೇ ಹೇಳಿದೆ, ಒಂದೇ ಉಸಿರಿಗೆ — ಡಕ್ಟ್ ಫೈಲು ತೆಗೆದದ್ದು ನಾನು, ವಾಪಸ್ ಹಾಕದೆ ಮರೆತವಳು ನಾನು, ಈಗ ಅದನ್ನು ನಿಮ್ಮ ತಲೆಗೆ ಕಟ್ಟಲು ನನ್ನ ಕೈಯಲ್ಲೇ ಮಾಡೆಲ್ ತಿದ್ದಿಸುತ್ತಿದ್ದಾರೆ.

ಅವರು ಸ್ಪ್ಯಾನರ್ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ನಾನು ತೆರೆದಿದ್ದು ಸರೀನೇ ಇತ್ತು?"

"ಸರೀನೇ ಇತ್ತು ಭಾವ."

"ಅಬ್ಬಾ" ಎಂದರು. ನಿಜವಾಗಿಯೂ ಹಗುರಾದರು! ಐದು ದಿನದಿಂದ ಅದನ್ನೇ ತಲೆಯಲ್ಲಿ ತಿರುಗಿಸುತ್ತಿದ್ದರಂತೆ, ಯಾವುದನ್ನು ಒತ್ತುವುದು ತಪ್ಪಿತು ಅಂತ. ನನಗೆ ಅಳು ಬಂತು. ಈ ಮನುಷ್ಯನನ್ನು ನಾನು ಏನೆಲ್ಲ ಅಂದಿದ್ದೇನೆ.

ಕೈ ಒರೆಸಿಕೊಂಡು ಹೇಳಿದರು: "ನಾಳೆ ನೀನು ಬಾಯಿ ಬಿಡ್ಬೇಡ. ಇಬ್ಬರದೂ ಕೆಲಸ ಹೋದ್ರೆ ನಿಮ್ಮಕ್ಕ ಇಬ್ಬರನ್ನೂ ಸೇರಿಸಿ ರುಬ್ತಾಳೆ. ನಂದು ಹೆಂಗೂ ಮುಗೀತು. ಆದ್ರೆ ಆ ಬೀಮ್ ಕೊಯ್ಯೋಕೆ ಬಿಡ್ಬೇಡ. ಕೆಳಗೆ ಮನುಷ್ಯರನ್ನ ಮಲಗಿಸಿ ಹೊಟ್ಟೆ ಸೀಳ್ತಾರೆ ಅಲ್ಲಿ."

"ಬಾಯಿ ಬಿಡದೆ ಅದನ್ನ ಹೆಂಗೆ ತಡೀಲಿ ಭಾವ?"

ನಲ್ಲಿ ಮತ್ತೆ ಕೈಗೆತ್ತಿಕೊಂಡರು. ಅಕ್ಕನಿಗೆ ನೀನಾಗೇ ಹೇಳು, ನಾನು ಹೇಳಲ್ಲ ಎಂದರು.

ಹೇಳಲಿಲ್ಲ. ಧೈರ್ಯ ಬರಲಿಲ್ಲ.

ಅಕ್ಟೋಬರ್ 13, ಸೋಮವಾರ, ಮಧ್ಯಾಹ್ನ

ಆಫೀಸಿನ ಹೊರಗಿನ ಹಾಲು. ಎದುರಿಗೇ ಗೋಡೆಯ ಮೇಲೆ ನನ್ನ ಸೊನ್ನೆ, ಚಿನ್ನದ ಬಣ್ಣದ ಕಟ್ಟಿನೊಳಗೆ. ಕಾಯಲು ಹೇಳಿದ್ದಾರೆ. ಒಳಗೆ ಕೂಗಾಟ.

ದೊಡ್ಡ ಟಿವಿಯ ಮುಂದೆ ಎಲ್ಲರೂ ಕೂತಿದ್ದರು. ಇಂಜಿನಿಯರಮ್ಮ, ದೊಡ್ಡವರು, ಟೈ ಸಾಹೇಬ, ಮೂಲೆಯ ಕುರ್ಚಿಯಲ್ಲಿ ಇಸ್ತ್ರಿ ಶರಟಿನ ಭಾವ. "ತೋರಿಸಮ್ಮಾ" ಎಂದರು ದೊಡ್ಡವರು, ಜೇನಿನಂಥ ದನಿಯಲ್ಲಿ.

ಡಕ್ಟ್ ಫೈಲನ್ನು ಸೇರಿಸಿದೆ, ಇವತ್ತಿನ ತಾರೀಕಿನಲ್ಲೇ, ಅವರ ಕಣ್ಣೆದುರಿಗೇ. ಪರೀಕ್ಷೆ ನಡೆಸಿದೆ. ಗೋಡೆಯಗಲ ಕೆಂಪಾಯಿತು.

ಟೈ ಸಾಹೇಬ ನೀರು ಕುಡಿದ.

ಇಂಜಿನಿಯರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಜುಲೈನಲ್ಲೂ ಇತ್ತಾ?"

"ಇತ್ತು ಮೇಡಂ."

"ಮತ್ತೆ ಆ ಸೊನ್ನೆ ರಿಪೋರ್ಟ್ ಯಾರು ಮಾಡಿಸಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಎದ್ದು ನಿಂತರು. ಪೆದ್ದು ಮನುಷ್ಯ! "ನಾನೇ ಮೇಡಂ. ಕೆಲಸ ಬೇಗ ಆಗ್ಲಿ ಅಂತ ಡಕ್ಟೆಲ್ಲ ನಾನೇ ತೆಗೆದೆ."

ದೊಡ್ಡವರ ಮುಖ ಅರಳಿತು. "ನೋಡಿದ್ರಾ ಮೇಡಂ, ಅವರೇ ಒಪ್ಕೊಂಡ್ರಲ್ಲ" ಎಂದರು.

"ಅವರಿಗೆ ಬರಲ್ಲ ಮೇಡಂ" ಎಂದೆ. ದನಿ ಜೋರಾಗಿಯೇ ಬಂತು. "ಫೈಲು ತೆಗೆಯೋದಿರಲಿ, ಅವರು ಒಂದೇ ಬೆರಳಲ್ಲಿ ಕಟ್ಟಡ ತಿರುಗಿಸೋದು. ಬೇಕಾದ್ರೆ ಮೌಸ್ ಕೊಟ್ಟು ನೋಡಿ, ಏನೂ ಬರಲ್ಲ. ತೆಗೆದಿದ್ದು ನಾನು. ಕೆಂಪು ಕಾಣಬಾರದು ಅಂದವರು ಇವರು. ಈಗ ತಾರೀಕು ತಿದ್ದಿ ತೂತು ಹಾಕು ಅಂದವರೂ ಇವರೇ. ನೀವು ಗೇಟ್ ದಾಟಿದ ಮೇಲೆ ಬೀಮ್ ಕೊಯ್ತಾರೆ."

ಭಾವ ಕೂತರು. ತಲೆ ತಗ್ಗಿಸಿ ಕೂತರು. ಅವರನ್ನು ಎಷ್ಟೋ ಸಲ ಆಡಿಕೊಂಡಿದ್ದೇನೆ. ಇವತ್ತಿನಷ್ಟು ಜೋರಾಗಿ ಎಂದೂ ಇಲ್ಲ.

ಇಂಜಿನಿಯರಮ್ಮ ಅಲ್ಲಿಂದಲೇ ಫೋನ್ ಹಚ್ಚಿದರು. ಆ ಮಹಡಿಗೆ ಬೀಗ. ಬೀಮಿಗೆ ಯಾರೂ ಕೈ ಹಚ್ಚುವಂತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಹೊರಗಿರಿ" ಎಂದರು. "ನೀವೂ" ಅಂದದ್ದು ಸರಿಯಾಗಿಯೇ ಕೇಳಿಸಿತು.

ಭಾವನನ್ನು ಒಳಗೇ ಉಳಿಸಿಕೊಂಡಿದ್ದಾರೆ. ಡಕ್ಟನ್ನು ಕಾರಿಡಾರಿನಿಂದ ಹೇಗೆ ತರುವುದು ಅಂತ ಕೇಳುತ್ತಿದ್ದಾರೆ. ಅವರ ದನಿ ಕೇಳುತ್ತಿದೆ, ಸೈಟಿನಲ್ಲಿ ಮಾತಾಡುವ ದನಿ.

ಅಕ್ಕನ ಫೋನ್. ಮತ್ತೆ ಅಕ್ಕನ ಫೋನ್. ಭಾವನದು ಆಫಾಗಿರಬೇಕು, ಅದಕ್ಕೆ ನನಗೆ ಮಾಡುತ್ತಿದ್ದಾಳೆ. ಇವತ್ತು ಬೆಳಗ್ಗೆ ಕೂಡ ನನ್ನ ಕೈ ಹಿಡಿದು, "ನೀನಿದೀಯಲ್ಲ, ಹೆಂಗಾದ್ರೂ ಮಾಡಿ ಅವರನ್ನ ಉಳಿಸೇ" ಎಂದಿದ್ದಳು. ಎತ್ತಲೇಬೇಕು. ನೂರು ಜನರನ್ನು ಬೈದ ನಾಲಿಗೆಯಿಂದ ಒಂದು ವಾಕ್ಯ ಹೊರಡುತ್ತಿಲ್ಲ. ಇಲ್ಲಿ ಬರೆದುಕೊಂಡು ಅದನ್ನೇ ಓದಿಬಿಡುತ್ತೇನೆ.

ಅಕ್ಕಾ, ಭಾವಂದು ಏನೂ ತಪ್ಪಿಲ್ಲ. ಅವರು ಸರಿಯಾಗೇ ನೋಡಿದ್ರು. ಮಾಡೆಲ್ ಒಳಗಿಂದ ಡಕ್ಟೆಲ್ಲ ತೆಗೆದಿಟ್ಟವಳು —